ಪೇಟೆಯ ಲೆಕ್ಕವೂ ಮನುಷ್ಯನ ವಿವೇಕವೂ

ಹುಬ್ಬಳ್ಳಿಯಿಂದ ಹೊರಟು, ಉಣಕಲ್ ಕೆರೆಯನ್ನು ಹಾಯ್ದು ಧಾರವಾಡದತ್ತ ಸಾಗುವ ಹಾದಿಯಲ್ಲಿ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆಯ ವಿಶಾಲ ಪ್ರಾಂಗಣವಿದೆ. ಹತ್ತಿ, ಒಣಮೆಣಸಿನಕಾಯಿ, ಉಳ್ಳಾಗಡ್ಡಿ, ಶೇಂಗಾಗಳು ಬಂದಿಳಿಯುವ ಇಂಥ ಪೇಟೆಗಳ ಈಚಿನ ಚರಿತ್ರೆಯು, ತನ್ನ ವ್ಯವಹಾರಕ್ಕೆ ಗಣಕಯಂತ್ರವನ್ನು ತರಹೊರಟ ಪ್ರತಿಯೊಬ್ಬ ಉದ್ಯಮಿಯೂ ಮನನ ಮಾಡತಕ್ಕ ವಿಷಯವಾಗಿದೆ.

ಹಿಂದೆ ಖರೀದಿದಾರರು ರಾಶಿಗಳನ್ನು ನೋಡಿ, ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು; ಅವನ್ನು ತೆರೆದು ಹೋಲಿಸುವುದರಲ್ಲಿ ವಿಳಂಬಕ್ಕೂ ಸಂಶಯಕ್ಕೂ ಆಸ್ಪದವಿತ್ತು. 2014ರಲ್ಲಿ, ಕರ್ನಾಟಕ ಸರ್ಕಾರವು ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದ ಬಳಗದ ಸಂಸ್ಥೆಯೊಡನೆ ಸಮಪಾಲಿನಲ್ಲಿ ಕೂಡಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಈ ವ್ಯವಸ್ಥೆಯಲ್ಲಿ ಗೇಟಿನಲ್ಲಿಯೇ ಮಾಲಿಗೆ ಲಾಟ್ ಸಂಖ್ಯೆ ದೊರೆಯುತ್ತದೆ. ಖರೀದಿದಾರರು ತಮ್ಮ ದರವನ್ನು ಗಣಕಯಂತ್ರದಲ್ಲಿ ನಮೂದಿಸುತ್ತಾರೆ. ನಿಗದಿತ ವೇಳೆಗೆ ಅತ್ಯಧಿಕ ದರವು ಪ್ರಕಟವಾಗುತ್ತದೆ. ಅದು ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಅಧಿಕಾರ ರೈತನಿಗುಂಟು. 2016ರಲ್ಲಿ ಕೇಂದ್ರ ಸರ್ಕಾರವು ಇ-ನಾಮ್ ಎಂಬ ದೇಶವ್ಯಾಪಿ ವಿದ್ಯುನ್ಮಾನ ಮಾರುಕಟ್ಟೆ ವ್ಯವಸ್ಥೆಯನ್ನು ತಂದಾಗ ಈ ಪ್ರಯೋಗದಿಂದ ಪ್ರೇರಣೆ ಪಡೆಯಿತು.

ಆದರೆ ದರಗಳನ್ನು ಕ್ಷಣಾರ್ಧದಲ್ಲಿ ಹೋಲಿಸಬಲ್ಲ ಯಂತ್ರವು, ಬ್ಯಾಡಗಿ ಮೆಣಸಿನಕಾಯಿಯ ಸುಕ್ಕನ್ನೂ ಕೆಂಪನ್ನೂ ತಾನಾಗಿ ಅರಿಯಲಾರದು. ಅನುಭವಸ್ಥನಾದ ಖರೀದಿದಾರನು ಒಂದು ಹಿಡಿ ಕಾಯಿಯನ್ನು ಅಂಗೈಯಲ್ಲಿ ಅದುಮಿ, ಮುರಿದು, ಅದರ ತೇವವನ್ನು ತಿಳಿಯುತ್ತಾನೆ. ದೂರದ ಊರಿನಿಂದ ದರ ಹಾಕುವವನಿಗೆ ಈ ಸ್ಪರ್ಶಕ್ಕೆ ಬದಲಾಗಿ ನಂಬಲರ್ಹವಾದ ಗುಣಪರೀಕ್ಷೆ ಬೇಕು. ಆ ಪರೀಕ್ಷೆಗೆ ತರಬೇತಿ ಹೊಂದಿದ ಮನುಷ್ಯರು ಬೇಕು. ಅವರಿಲ್ಲದೆ ಹೋದರೆ, ಕಾನೂನು ನಾಡಿನುದ್ದಕ್ಕೂ ತೆರೆದಿಟ್ಟ ಪೇಟೆಯು ವ್ಯವಹಾರದಲ್ಲಿ ಊರಿನ ಕೆಲವೇ ಖರೀದಿದಾರರಿಗೆ ಸೀಮಿತವಾಗುತ್ತದೆ. ಹಾಗೆಯೇ ಅಡತಿ ಅಂಗಡಿಯ ಗುಮಾಸ್ತನು ಅವಸರದಲ್ಲಿ ಒಂದು ಸೊನ್ನೆಯನ್ನು ಹೆಚ್ಚು ಒತ್ತಿದರೆ, ಅದನ್ನು ತಿದ್ದುವ ಕ್ರಮವೂ ಹೊಣೆಗಾರನೂ ಮೊದಲೇ ಗೊತ್ತಾಗಿರಬೇಕು.

ಯಂತ್ರದ ಫಲವು ಅದರೊಡನೆ ದುಡಿಯುವ ಮನುಷ್ಯರನ್ನು ಅವಲಂಬಿಸಿದೆಯೆಂಬುದು ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳನ್ನು ಅಭ್ಯಸಿಸಿದ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫರ್ತ್ ಎಂಬ ವಿದ್ವಾಂಸರು, ಹೊಸ ಯಂತ್ರಪದ್ಧತಿಯು ಕಾರ್ಮಿಕರ ಚಿಕ್ಕ ಚಿಕ್ಕ ತಂಡಗಳನ್ನು ಒಡೆದುದರಿಂದಲೇ ನಿರೀಕ್ಷಿತ ಫಲವು ಕೈಗೂಡಲಿಲ್ಲವೆಂದು 1951ರಲ್ಲಿಯೇ ತೋರಿಸಿಕೊಟ್ಟರು.

ಆದುದರಿಂದ ಯಂತ್ರವನ್ನು ಕೊಳ್ಳುವ ಮುನ್ನವೇ ಹಮಾಲರನ್ನೂ ತೂಕದವರನ್ನೂ ಗುಮಾಸ್ತರನ್ನೂ ಕರೆದು ಅವರ ಕೆಲಸದ ಕ್ರಮವನ್ನು ಕೇಳತಕ್ಕದ್ದು. ಯಂತ್ರಕ್ಕೆ ತೆಗೆದಿಟ್ಟ ಹಣದೊಡನೆ ಅವರ ತರಬೇತಿಗೂ ಹಣವನ್ನು ತೆಗೆದಿಡತಕ್ಕದ್ದು. ದರವನ್ನು ನಿರಾಕರಿಸುವ ಹಕ್ಕು ತನಗಿದೆಯೆಂಬುದನ್ನು ರೈತನಿಗೆ ಅವನ ಆಡುಮಾತಿನಲ್ಲಿ ತಿಳಿಸತಕ್ಕದ್ದು. ತಿಳಿಯದವನಿಗೆ ಆ ಹಕ್ಕು ಇದ್ದೂ ಇಲ್ಲದಂತೆಯೇ ಸರಿ.