ದ್ರಾಕ್ಷಿಯ ರಸ, ಅಡಿಕೆಯ ಚೊಗರು: ವೈನರಿಯೊಂದರಲ್ಲಿ ಕಂಡದ್ದು, ಕಲಿತದ್ದು



ವೈನಿನ ಮಾತು ನಮ್ಮ ಸಂಘದ ಪತ್ರಿಕೆಗೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ಬೇಸಿಗೆಯಿಂದ ಈಚೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸದಸ್ಯರು ಕಚೇರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಸ್ವಾಮಿ, ಕೊಳವೆಬಾವಿ ಕೈಕೊಟ್ಟಿದೆ. ಅಡಿಕೆ ತೆಗೆದು ವೈನ್ ದ್ರಾಕ್ಷಿ ಹಾಕಿದರೆ ಹೇಗೆ?" ನನ್ನ ತೋಟದ ಎರಡು ಕೊಳವೆಬಾವಿಗಳಲ್ಲಿ ಒಂದು ಬತ್ತಿದೆ. ಆದ್ದರಿಂದ ಪ್ರಶ್ನೆ ನನ್ನದೂ ಹೌದು. ಅವರಿವರಿಂದ ಕೇಳಿದ ಮಾತಿನ ಮೇಲೆ ಉತ್ತರ ಹೇಳುವುದು ಸರಿಯಲ್ಲವೆಂದು ನಾವು ನಾಲ್ವರು ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ವೈನರಿಗೆ ಹೋಗಿ ಬಂದೆವು.

ಇದು ಒಂದು ಕುಟುಂಬದ ಛಲದಿಂದ ಹುಟ್ಟಿದ ವೈನರಿ. ಯಂತ್ರೋಪಕರಣಗಳ ವ್ಯಾಪಾರದಲ್ಲಿದ್ದ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ವೈನಿಗೆ ಮನಸೋತು, ಅಂಥದನ್ನು ನಮ್ಮ ನೆಲದಲ್ಲೇ ಏಕೆ ಮಾಡಬಾರದೆಂದು ಹೊರಟವರು. ಷಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು, ಹಲವು ಫ್ರೆಂಚ್ ತಳಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಕೊನೆಗೆ ನಂದಿಬೆಟ್ಟದ ತಪ್ಪಲನ್ನು ಆರಿಸಿ ೧೯೮೮ರಲ್ಲಿ ತೋಟ ಹಾಕಿದರು. ವೈನು ಹೊರಬಂದದ್ದು ೧೯೯೨ರಲ್ಲಿ. ಮಗ ಕಪಿಲ್, ಮೊಮ್ಮಗಳು ಕರಿಷ್ಮಾ ಮುಂದೆ ಕೈಜೋಡಿಸಿದರು. ೨೦೧೨ರಲ್ಲಿ ನಾಸಿಕದ ಕಂಪನಿಯೊಂದರ ಜೊತೆ ವಿಲೀನವಾಗಿ ಗ್ರೋವರ್ ಜಂಪಾ ಎಂದಾಯಿತು. ಈಗ ಅದು ಒಂದೇ ಮನೆತನದ ಸ್ವತ್ತಲ್ಲ. ಗಿಡ ನೆಟ್ಟ ಮೇಲೆ ಸೀಸೆ ಕಾಣಲು ನಾಲ್ಕು ವರ್ಷ, ಅದಕ್ಕೂ ಮುಂಚೆ ಪರೀಕ್ಷೆಯ ವರ್ಷಗಳು. ಬಂಡವಾಳವಿದ್ದವರೂ ಅಷ್ಟು ಕಾದರೆಂಬುದನ್ನು ನಾವು ಮರೆಯಬಾರದು.

ಅಲ್ಲಿನ ದ್ರಾಕ್ಷಿ ನಮ್ಮ ಸಂತೆಯ ದ್ರಾಕ್ಷಿಯಲ್ಲ. ೨೦೧೩ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ರಸಕ್ಕೂ ಸಿಹಿ ಪೋರ್ಟ್ ವೈನಿಗೂ ಒದಗುತ್ತದೆ. ಇಲ್ಲಿಯವು ಕ್ಯಾಬರ್ನೆ ಸಾವಿನ್ಯೋ, ಶಿರಾಜ್, ಸಾವಿನ್ಯೋ ಬ್ಲಾಂ ಮುಂತಾದ ತಳಿಗಳು. ಕಾಯಿ ಚಿಕ್ಕದು, ಬೀಜವುಂಟು, ಸಿಪ್ಪೆ ದಪ್ಪ. ಫಸಲನ್ನು ಬೇಕೆಂದೇ ಮಿತಿಯಲ್ಲಿಡುತ್ತಾರೆ. ಬಳ್ಳಿಗೆ ಗೊಂಚಲು ಹೆಚ್ಚಾದರೆ ರಸ ತೆಳುವಾಗುತ್ತದೆ. ಶೀತದೇಶಗಳಲ್ಲಿ ಚಳಿಗೆ ಬಳ್ಳಿ ನಿದ್ರಿಸುತ್ತದೆ, ನಮ್ಮಲ್ಲಿ ನಿದ್ರಿಸುವುದಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಚಾಟನಿ: ಬೇಸಿಗೆಯಲ್ಲಿ ರೆಂಬೆಗಾಗಿ, ಸೆಪ್ಟೆಂಬರ್-ಅಕ್ಟೋಬರಿನ ಸುಮಾರಿಗೆ ಹಣ್ಣಿಗಾಗಿ. ಕೊಯ್ಲು ಫೆಬ್ರವರಿ-ಮಾರ್ಚ್ ಹೊತ್ತಿಗೆ.

ವೈನು ತಯಾರಾಗುವ ಬಗೆ ಕಾಫಿ ಬೆಳೆಗಾರರಿಗೆ ಬೇಗ ತಿಳಿಯುತ್ತದೆ. ಪಲ್ಪರ್‌ನಿಂದ ಬಂದ ಬೀಜವನ್ನು ತೊಟ್ಟಿಯಲ್ಲಿ ಹುದುಗಲು ಬಿಟ್ಟು ಲೋಳೆ ಕಳೆಯುವುದನ್ನು ನಾವು ಬಲ್ಲೆವು. ಹೊತ್ತು ಮೀರಿದರೆ ದುರ್ವಾಸನೆ ಹಿಡಿದು ಮಾಲು ಕೆಡುವುದನ್ನೂ ಬಲ್ಲೆವು. ದ್ರಾಕ್ಷಿಯಲ್ಲೂ ಅದೇ ಎಚ್ಚರ. ಕೆಂಪು ವೈನಿಗೆ ಹಣ್ಣನ್ನು ಒಡೆದು ಸಿಪ್ಪೆ ಸಮೇತ ತುಕ್ಕುಹಿಡಿಯದ ಉಕ್ಕಿನ ತೊಟ್ಟಿಗೆ ತುಂಬುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಮೇಲೆದ್ದ ಸಿಪ್ಪೆಯನ್ನು ರಸದಲ್ಲಿ ನೆನೆಸುತ್ತಲೇ ಇರಬೇಕು. ಬಣ್ಣ ಬರುವುದು ಅದರಿಂದಲೇ. ಬಿಳಿ ವೈನಿಗಾದರೆ ಮೊದಲೇ ಹಿಂಡಿ ರಸವನ್ನಷ್ಟೇ ತಂಪಿನಲ್ಲಿ ಹುದುಗಿಸುತ್ತಾರೆ. ಮಾಗಿದ ರಸದಲ್ಲಿ ನೂರಕ್ಕೆ ೨೨-೨೪ರಷ್ಟು ಸಕ್ಕರೆ ಇದ್ದರೆ ವೈನಿನಲ್ಲಿ ಮದ್ಯಸಾರ ಶೇ. ೧೨ರಿಂದ ೧೪ರಷ್ಟಾಗುತ್ತದೆ. ಒಂದು ಸೀಸೆಗೆ, ಎಂದರೆ ೭೫೦ ಮಿಲಿಲೀಟರಿಗೆ, ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಹಣ್ಣು ಬೇಕು.

ಕೊನೆಗೆ ರುಚಿ ನೋಡುವ ಕೆಲಸ. ನಮ್ಮಲ್ಲೊಬ್ಬರು "ನಾನು ಒಲ್ಲೆ" ಎಂದು ಬದಿಗೆ ನಿಂತರು. ಯಾರೂ ಬಲವಂತ ಮಾಡಲಿಲ್ಲ. ಉಳಿದವರು ಕಾಫಿಯ ರುಚಿ ಪರೀಕ್ಷೆಯಂತೆಯೇ ಬಣ್ಣ ನೋಡಿ, ಮೂಸಿ, ಒಂದು ಗುಟುಕು ನಾಲಗೆಯ ಮೇಲೆ ಆಡಿಸಿ ಉಗುಳಿದೆವು. ಬಿಳಿ ವೈನು ಎಳೆಹುಳಿ, ಹಸಿ ಹಣ್ಣಿನ ಘಮ. ಸಿಹಿಯಿರುತ್ತದೆಂದು ಎಣಿಸಿದ್ದ ನಮಗೆ ಅದು ಸೋಜಿಗ. ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದ ಮೇಲೆ ಸಿಹಿ ಎಲ್ಲಿಂದ ಬರಬೇಕು? ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ 'ಲಾ ರಿಸರ್ವ್' ಎಂಬ ಕೆಂಪು ವೈನು. ಬಾಯಿಗಿಟ್ಟೊಡನೆ ಜೊತೆಯಲ್ಲಿದ್ದ ಹಿರಿಯರು, "ಇದು ನಮ್ಮ ಚೊಗರು ಕಣ್ರೀ!" ಎಂದರು. ಅವರ ಮಾತು ನಿಜ. ಅಡಿಕೆ ಬೇಯಿಸಿದ ನೀರಿಗೆ ಒಗರು ಕೊಡುವ ಟ್ಯಾನಿನ್ ಜಾತಿಯ ವಸ್ತುವೇ ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿಯೂ ಇದೆ. ಅಡಿಕೆ ಬೆಳೆಗಾರನ ನಾಲಗೆಗೆ ಅದನ್ನು ಯಾರೂ ಪರಿಚಯಿಸಬೇಕಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ನೀರಿನ ಲೆಕ್ಕದಲ್ಲಿ ದ್ರಾಕ್ಷಿಯೇ ಮೇಲು. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಅಡಿಕೆ ಮರವೊಂದಕ್ಕೆ ದಿನಕ್ಕೆ ೧೬-೨೦ ಲೀಟರ್ ಬೇಕು. ಎಕರೆಗೆ ಸುಮಾರು ೫೫೦ ಮರವೆಂದರೆ ಹತ್ತು ಸಾವಿರ ಲೀಟರಿನ ಆಸುಪಾಸು. ದ್ರಾಕ್ಷಿ ಅಷ್ಟು ಕೇಳದು. ಆದರೆ ಮೂರು ಸಂಗತಿಗಳನ್ನು ತೂಗಿ ನೋಡಬೇಕು.

ಮೊದಲನೆಯದು ಮಳೆ. ನಮ್ಮ ಸೀಮೆಗೆ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಎಂದರೆ ಹಣ್ಣಿನ ಚಾಟನಿಯ ಹೊತ್ತಿಗೇ. ಎಳೆ ಚಿಗುರಿಗೆ ಬೂಜು ರೋಗ ಬಿದ್ದರೆ ಆ ವರ್ಷದ ಫಸಲಿನ ಆಸೆ ಬಿಡಬೇಕು. ಎರಡನೆಯದು ನೀರಿನ ಗುಣ. ಉಪ್ಪಿನ ನೀರು ದ್ರಾಕ್ಷಿಗೆ ಆಗದು. ಅದಕ್ಕೇ ಹಲವು ಕಡೆ ಡಾಗ್‌ರಿಜ್ ಬೇರಿನ ಮೇಲೆ ಕಸಿ ಮಾಡುತ್ತಾರೆ. ಆದ್ದರಿಂದ ಮೊದಲು ನೀರು, ಮಣ್ಣು ಪರೀಕ್ಷೆಯಾಗಲಿ.

ಮೂರನೆಯದೇ ದೊಡ್ಡದು. ಬೆಲೆ ಬಿದ್ದರೆ ಅಡಿಕೆಯನ್ನು ಮೂಟೆ ಕಟ್ಟಿ ಉಗ್ರಾಣದಲ್ಲಿಡುತ್ತೇವೆ, ಕಾಫಿಯನ್ನೂ ಅಷ್ಟೇ. ಕಾಯುವ ಶಕ್ತಿ ನಮ್ಮ ಕೈಯಲ್ಲಿದೆ. ಸಂಘ ಹುಟ್ಟಿದ್ದೇ ಆ ಶಕ್ತಿಯನ್ನು ಉಳಿಸಲು. ವೈನ್ ದ್ರಾಕ್ಷಿ ಕೊಯ್ದ ಮೇಲೆ ಕಾಯುವುದಿಲ್ಲ, ಕೂಡಲೇ ವೈನರಿ ಸೇರಬೇಕು. ಸಂತೆಯಲ್ಲಿ ಅದನ್ನು ತಿನ್ನಲು ಕೊಳ್ಳುವವರಿಲ್ಲ. ಇಲ್ಲಿ ಕಾಯುವ ಶಕ್ತಿ ಪೀಪಾಯಿ ಇದ್ದವರದು, ಬೆಳೆದವರದಲ್ಲ. ೨೦೦೮ರ ನಂತರ ವೈನಿನ ಮಾರಾಟ ಕುಸಿದಾಗ ಮಹಾರಾಷ್ಟ್ರದಲ್ಲಿ ವೈನರಿಗಳು ಮುಚ್ಚಿ, ರೈತರು ಬಳ್ಳಿ ಕಿತ್ತು ಹಾಕಿದ್ದುಂಟು. ನಾವೇ ವೈನು ಮಾಡೋಣವೆಂದರೆ ಅಬಕಾರಿ ಪರವಾನಗಿಯಿಲ್ಲದೆ ಸಾಧ್ಯವಿಲ್ಲ. ದ್ರಾಕ್ಷಿ ಸಂಸ್ಕರಣೆಗೆ, ವೈನಿಗೆಂದೇ ಸರ್ಕಾರ ೨೦೦೭ರಲ್ಲಿ ನೀತಿಯೊಂದನ್ನು ತಂದಿತಾದರೂ, ಯಂತ್ರ-ಶೀತಲ ವ್ಯವಸ್ಥೆಗಳ ಬಂಡವಾಳ ನಮ್ಮ ಸಂಘದ ಅಳವಿನದಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಫಲ ಕೊಡುತ್ತಿರುವ ಅಡಿಕೆಯನ್ನು ಕಡಿಯಬೇಡಿ. ಮೊದಲು ಹನಿ ನೀರಾವರಿ, ಸೋಗೆಯ ಹೊದಿಕೆ, ಮಳೆನೀರಿನ ಇಂಗುಗುಂಡಿ ಮಾಡಿ ನೋಡಿ. ಒಣಗಿ ಖಾಲಿಯಾದ ಜಾಗವಿದ್ದವರು, ಎಷ್ಟು ವರ್ಷ, ಯಾವ ದರ, ತೂಕ ಮತ್ತು ಸಕ್ಕರೆ ಅಳೆಯುವವರು ಯಾರು ಎಂಬುದೆಲ್ಲ ಬರಹದಲ್ಲಿ ಬಂದ ಮೇಲೆ ಅರ್ಧ ಎಕರೆಯಿಂದ ತೊಡಗಬಹುದು. ಒಪ್ಪಂದದ ಕಾಗದಕ್ಕೆ ಸಹಿ ಹಾಕುವ ಮುನ್ನ ಸಂಘದ ಕಚೇರಿಗೆ ತನ್ನಿ, ಕೂತು ಓದೋಣ.

ನನ್ನ ಬತ್ತಿದ ಕೊಳವೆಬಾವಿಯ ಪಕ್ಕದಲ್ಲಿ ಈ ವರ್ಷ ಇಂಗುಗುಂಡಿ ತೆಗೆಸಿದ್ದೇನೆ. ದ್ರಾಕ್ಷಿ ಹಾಕಿಲ್ಲ.

ಕಾರ್ಯದರ್ಶಿ