ಊಟ ಬಿಟ್ಟಿದ್ದಕ್ಕೇ ಸೊರಗಿದರೇ?

‘ಒಂದೇ ಒಂದು ತುತ್ತು ತಿನ್ನಮ್ಮ, ಶಕ್ತಿ ಬರುತ್ತೆ.’ ಕೊನೆಗಾಲದ ಹಿರಿಯರಿರುವ ಮನೆಯಲ್ಲಿ ದಿನವೂ ಕೇಳುವ ಮಾತಿದು. ಊಟ ಬಿಟ್ಟಿದ್ದರಿಂದ ಸೊರಗಿದರು ಎಂಬುದು ನಂಬಿಕೆ. ನಡೆಯುವುದು ಸಾಮಾನ್ಯವಾಗಿ ಇದರ ತಿರುಗುಮುರುಗು: ದೇಹ ತನ್ನ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತಿರುವುದರಿಂದ ಹಸಿವೂ ಅಡಗುತ್ತದೆ. ನುಂಗಲಾರದವರ ಬಾಯಿಗೆ ಒತ್ತಾಯದಿಂದ ಹಾಕಿದ ಗಂಜಿ ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ತರಬಹುದು. ಡ್ರಿಪ್ ಹಾಕಿಸಿದರೆ ಕಾಲು ಊದಿ, ಕಫ ಹೆಚ್ಚುವುದೂ ಉಂಟು. ತುಳಸಿ ನೀರು ಬಿಡುವವರು ಚಮಚದಿಂದ ಸುರಿಯದೆ, ಹತ್ತಿ ಅದ್ದಿ ತುಟಿ, ನಾಲಿಗೆ ಒದ್ದೆ ಮಾಡಲಿ, ಶಾಸ್ತ್ರಕ್ಕೇನೂ ಕುಂದಿಲ್ಲ. ಅವರೇ ಕೇಳಿ, ನುಂಗಬಲ್ಲರಾದರೆ ಐಸ್‌ಕ್ರೀಮನ್ನೂ ಕೊಡಿ, ಪಥ್ಯದ ಕಾಲ ಮುಗಿದಿದೆ. ಗಟ್ಟಿಮುಟ್ಟಾಗಿದ್ದವರು ಏಕಾಏಕಿ ಊಟ ಬಿಟ್ಟರೆ ಮಾತ್ರ ಲೆಕ್ಕವೇ ಬೇರೆ, ಡಾಕ್ಟರಿಗೆ ತೋರಿಸಬೇಕು.

‘ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದಾರೆ, ಒಳಗೆ ಕರಿ’ ಎಂದು ಅಜ್ಜಿ ತೀರಿಹೋದ ಅಜ್ಜನ ಬಗ್ಗೆ ಹೇಳಿದರೆ ಮನೆಯವರ ಕೈಕಾಲು ತಣ್ಣಗಾಗುತ್ತದೆ. ಕರೆದೊಯ್ಯಲು ಬಂದರು ಎಂದು ಕೆಲವರು ಹೆದರುತ್ತಾರೆ, ಅರಳುಮರಳು ಎಂದು ಕೆಲವರು ತಳ್ಳಿಹಾಕುತ್ತಾರೆ. ಎರಡೂ ಅವಸರದ ತೀರ್ಪು. ಅಮೆರಿಕದ ಬಫಲೋ ನಗರದ ಹಾಸ್ಪಿಸ್‌ನಲ್ಲಿ (ಕೊನೆಗಾಲದ ಆರೈಕೆ ಕೇಂದ್ರ) ಡಾ. ಕ್ರಿಸ್ಟೋಫರ್ ಕೆರ್ ತಂಡ 59 ರೋಗಿಗಳನ್ನು ಮಾತಾಡಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 88ರಷ್ಟು ಮಂದಿ ಕೊನೆಗಾಲದ ಕನಸು ಅಥವಾ ದರ್ಶನ ಕಂಡಿದ್ದರು. ತೀರಿಕೊಂಡವರು ಕಂಡಾಗಲೇ ಅವರಿಗೆ ಹೆಚ್ಚು ನೆಮ್ಮದಿ. ಇದು ಪರಲೋಕಕ್ಕೆ ಸಾಕ್ಷಿಯಲ್ಲ. ಅಷ್ಟಕ್ಕೇ ಬುದ್ಧಿಭ್ರಮಣೆಯೂ ಅಲ್ಲ. ಭ್ರಮಣೆಯಾದರೆ ಚಡಪಡಿಕೆ, ಬಟ್ಟೆ ಕೀಳುವುದು, ಹೊತ್ತು ಗೊತ್ತಿಲ್ಲದ ಗಾಬರಿ ಇರಬಹುದು. ಮೂತ್ರ ಕಟ್ಟಿರುವುದು, ಸೋಂಕು, ಯಾವುದೋ ಮಾತ್ರೆ ಅದಕ್ಕೆ ಕಾರಣವಿರಬಹುದು, ಹಲವು ಸಲ ಸರಿಪಡಿಸಲೂಬಹುದು. ಶಾಂತವಾಗಿ ಹೇಳುತ್ತಿರುವವರ ಜೊತೆ ಮಾತ್ರ ವಾದ ಬೇಡ. ‘ಅಪ್ಪ ಏನಂದರು?’ ಎಂದು ಕೇಳಿದರೆ ಅವರೇ ಮಾತಾಡುತ್ತಾರೆ.

ಗಂಟಲಲ್ಲಿ ಗೊರಗೊರ ಸದ್ದಾದರೆ ಉಸಿರುಕಟ್ಟಿ ಒದ್ದಾಡುತ್ತಿದ್ದಾರೆಂದು ಸಂಕಟಪಡುವವರು ಅನೇಕ. ಎಚ್ಚರ ತಪ್ಪಿದವರಿಗೆ ಉಗುಳು, ಕಫ ನುಂಗಲಾಗದೆ ಬರುವ ಸದ್ದು ಅದು. ಬಹುಶಃ ಕೇಳುವವರಿಗೇ ಹೆಚ್ಚು ಹಿಂಸೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ಮಾರ್ಫಿನ್. ಕೊಟ್ಟರೆ ಬೇಗ ಹೋಗಿಬಿಡುತ್ತಾರೆಂಬ ಹೆದರಿಕೆಯಲ್ಲಿ ನೋವು ನುಂಗಿಸಿ ಮಲಗಿಸುವ ಮನೆಗಳಿವೆ. ನೋವಿಗೆ ತಕ್ಕಂತೆ ಪ್ರಮಾಣ ಏರಿಸುತ್ತ ಕೊಟ್ಟರೆ ಆಯುಸ್ಸು ಕುಗ್ಗುವುದಿಲ್ಲ, ಏದುಸಿರೂ ತಗ್ಗುತ್ತದೆ. ನೋವಿನ ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ನಮ್ಮ ದೇಶದ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತಂದರು. ಮಾರ್ಫಿನ್‌ನಿಂದ ಮಲಬದ್ಧತೆಯಂತೂ ಹೆಚ್ಚಿನವರಿಗೆ ಬರುತ್ತದೆ, ಅದರ ಔಷಧಿಯನ್ನೂ ಮೊದಲ ದಿನವೇ ಬರೆಸಿಕೊಳ್ಳಿ.