ಮೂವತ್ತೈದು, ಇಪ್ಪತ್ತು, ಇಪ್ಪತ್ತೇಳೂವರೆ

1918ರ ಮಾರ್ಚ್ 18ರಂದು ಅಹಮದಾಬಾದಿನ ಗಿರಣಿ ಮಾಲೀಕರೂ ಕಾರ್ಮಿಕರೂ ಒಪ್ಪಿಕೊಂಡ ಲೆಕ್ಕ ನೋಡಿದರೆ ನಗು ಬರುತ್ತದೆ. ಕೂಲಿಯಲ್ಲಿ ಮೊದಲ ದಿನ ಶೇ 35 ಹೆಚ್ಚಳ, ಎರಡನೇ ದಿನ ಶೇ 20, ಮೂರನೇ ದಿನದಿಂದ ಪಂಚಾಯ್ತಿ ತೀರ್ಪು ಬರುವತನಕ ಶೇ 27.5.

ಹಿಂದಿನ ವರ್ಷ ಪ್ಲೇಗಿಗೆ ಹೆದರಿ ಜನ ಊರು ಬಿಡತೊಡಗಿದಾಗ, ನೇಕಾರರನ್ನು ಉಳಿಸಿಕೊಳ್ಳಲು ಮಾಲೀಕರು ಭರ್ಜರಿ ಬೋನಸ್ ಕೊಟ್ಟಿದ್ದರು. ಕೆಲವರಿಗೆ ಅದು ಕೂಲಿಯ ಶೇ 70 ದಾಟಿತ್ತು. ಪ್ಲೇಗ್ ಇಳಿಯಿತು, ಬೋನಸ್ಸಿಗೂ ಕತ್ತರಿ ಬಿತ್ತು. ಯುದ್ಧಕಾಲದ ಬೆಲೆಗಳು ಮಾತ್ರ ಇಳಿಯಲಿಲ್ಲ. ನೇಕಾರರು ಶೇ 50 ತುಟ್ಟಿಭತ್ಯೆ ಕೇಳಿದರು. ಮಾಲೀಕರು ಶೇ 20ಕ್ಕೆ ನಿಂತರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ!

ಎರಡೂ ಕಡೆಯವರು ಸೇರಿ ಮಾಡಿಕೊಂಡ ಪಂಚಾಯ್ತಿ ಆರಂಭದಲ್ಲೇ ಮುರಿದುಬಿತ್ತು. ಫೆಬ್ರುವರಿ 22ಕ್ಕೆ ಗಿರಣಿಗಳಿಗೆ ಬೀಗ. ಕಾರ್ಮಿಕರ ಮುಂದಾಳತ್ವ ವಹಿಸಿದ ಗಾಂಧೀಜಿ ಸುಮ್ಮನೆ ಘೋಷಣೆ ಕೂಗಿಸಲಿಲ್ಲ. ಬೆಲೆ, ಕೂಲಿಗಳ ಲೆಕ್ಕ ಹಾಕಿ, 50 ಕೇಳುತ್ತಿದ್ದವರನ್ನು 35ಕ್ಕೆ ಇಳಿಸಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ಜಾಣತನ ಇಲ್ಲಿದೆ. ಎದುರಾಳಿಯ ಜೊತೆ ಚೌಕಾಸಿಗೆ ಕೂರುವ ಮುಂಚೆ ತನ್ನವರ ಜೊತೆಗೇ ಚೌಕಾಸಿ ಮುಗಿಸುವುದು ಎಷ್ಟು ಮುಖಂಡರಿಗೆ ಆಗುತ್ತದೆ? ಆಮೇಲೆ ಸಾಬರಮತಿಯ ದಂಡೆಯಲ್ಲಿ, ಜಾಲಿಮರದಡಿ ದಿನಾ ಸಭೆ, ದಿನಾ ಕರಪತ್ರ. 35 ಸಿಗದೆ ಕೆಲಸಕ್ಕೆ ಹೋಗುವುದಿಲ್ಲವೆಂದು ಕಾರ್ಮಿಕರು ಆಣೆಯಿಟ್ಟಿದ್ದರು.

ಆದರೆ ಆಣೆಯಿಂದ ಹೊಟ್ಟೆ ತುಂಬದು. ಮೂರನೇ ವಾರದ ಹೊತ್ತಿಗೆ, ಮೋಟಾರಿನಲ್ಲಿ ಬಂದು ಹೋಗುವ, ಹೊಟ್ಟೆತುಂಬ ಉಣ್ಣುವ ನಾಯಕರಿಗೇನು ಗೊತ್ತು ನಮ್ಮ ಕಷ್ಟ ಎಂಬ ಗೊಣಗಾಟ ಗಾಂಧೀಜಿಯ ಕಿವಿಗೂ ಬಿತ್ತು. ಮಾರ್ಚ್ 15ರಂದು ಅವರು ಉಪವಾಸ ಕೂತರು. ಮೂರೇ ದಿನದಲ್ಲಿ ರಾಜಿಯಾಯಿತು.

ಈಗ ಆ ಲೆಕ್ಕ ನೋಡಿ. ಮೊದಲ ದಿನ 35, ಕಾರ್ಮಿಕರ ಆಣೆ ಉಳಿಯಿತು. ಎರಡನೇ ದಿನ 20, ಮಾಲೀಕರ ಮಾತು ಉಳಿಯಿತು. ಆಮೇಲಿನದ್ದು ಎರಡರ ಸರಿಮಧ್ಯ. ದುಡ್ಡಿನ ಪ್ರಶ್ನೆಯನ್ನು ತೀರ್ಪಿಗೆ ಬಿಟ್ಟು, ಮೊದಲು ಇಬ್ಬರ ಮಾನ ಕಾಪಾಡಿದ ಲೆಕ್ಕ ಇದು. ಅಗಸ್ಟಿನಲ್ಲಿ ಪಂಚರಾಗಿದ್ದ ಆನಂದಶಂಕರ ಧ್ರುವ ಅವರು ಶೇ 35 ಕೊಡಬೇಕೆಂದೇ ತೀರ್ಪಿತ್ತರು.

ಹಾಗೆಂದು ಇದನ್ನು ಮಾದರಿ ಸಂಧಾನ ಎನ್ನಲು ನನಗೆ ಮನಸ್ಸಿಲ್ಲ. ಮಾಲೀಕರು ಮಣಿದದ್ದು ಕೂಲಿಯ ನ್ಯಾಯಕ್ಕಿಂತ ಗಾಂಧೀಜಿಯ ಮೇಲಿನ ಪ್ರೀತಿ, ಗೌರವಗಳಿಗೆ. ಉಪವಾಸದಲ್ಲಿ ಆ ದೋಷವಿತ್ತೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿದ್ದಾರೆ. ಬಾಳಿಕೆಯ ಏರ್ಪಾಡು ಆದದ್ದು 1920ರಲ್ಲಿ. ಆ ವರ್ಷ ಕಾರ್ಮಿಕರ ಸಂಘ ಮಜೂರ್ ಮಹಾಜನ್ ಹುಟ್ಟಿತು. ತಕರಾರು ಕೇಳಲು ಕಾಯಂ ಪಂಚಾಯ್ತಿಯೂ ಆಯಿತು: ಕಾರ್ಮಿಕರ ಪರ ಗಾಂಧೀಜಿ, ಮಾಲೀಕರ ಪರ ಮಂಗಳದಾಸ್ ಗಿರಿಧರದಾಸ್. ಇಬ್ಬರಿಗೂ ಒಮ್ಮತವಾಗದಿದ್ದರೆ ಮೂರನೆಯವರ ಮಾತೇ ಕೊನೆ.